ಮೂರು ಪಲ್ಯದ ಮೊಂತಿ ಹಬ್ಬ

ಸೋಣ ತಿಂಗಳ ಮಳೆ ತೆಳುವಾಗಿ ಏಣೆಲು ಗದ್ದೆಗಳಲ್ಲಿ ತೆನೆ ಹೊರಡುತ್ತಿದ್ದಂತೆಯೇ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಸೆಪ್ಟೆಂಬರ್ 8ರ ಮಾತು ಆರಂಭವಾಗುತ್ತದೆ. ಮಾತೆ ಮರಿಯಮ್ಮನವರ ಜನನೋತ್ಸವ ಅಂದು. ನಮ್ಮ ಬಾಯಲ್ಲಿ ಅದು ಮೊಂತಿ ಹಬ್ಬ, ನೆರೆಯ ತುಳುವರಿಗೆ ಕುರಲ್ ಪರ್ಬ, ಹಿರಿಯರಿಗೆ ಕುಟುಂಬದ ಹಬ್ಬ. ಆದರೆ ಈ ಸಂಭ್ರಮದ ಜೊತೆಗೆ ಮತ್ತೊಂದು ಮಾತು ಅಡುಗೆಮನೆಗಳಲ್ಲಿ ಪಿಸುದನಿಯಲ್ಲಿ ಕೇಳಿಬರುತ್ತದೆ: ಈ ಸಲ ಹೇಗೆ ನಿಭಾಯಿಸುವುದು?

ಈ ಚಿಂತೆ ನಮಗೆ ಹೊಸದಲ್ಲ. ನಾವು ಬಾಲಕರಾಗಿದ್ದಾಗ, ತಂದೆಯವರು ದುಡಿಯುತ್ತಿದ್ದ ಹಂಚಿನ ಕಾರ್ಖಾನೆ ಮುಚ್ಚಿದ ವರ್ಷ, ಹಬ್ಬಕ್ಕೆ ವಾರವಿರುವಾಗ ಮನೆಯಲ್ಲಿ ಚಿಲ್ಲರೆ ಹಣವೂ ಇರಲಿಲ್ಲ. ನೆರೆಮನೆಯಲ್ಲಿ ಒಂಬತ್ತು ಬಗೆಯ ಪದಾರ್ಥಗಳ ಸಿದ್ಧತೆ ನಡೆದಿತ್ತು. ನಮ್ಮ ಮುಖ ಸಣ್ಣದಾದುದನ್ನು ಕಂಡ ತಂದೆಯವರು ತಾಯಿಯವರ ಕಿವಿಯೋಲೆಯನ್ನು ಕಾಗದದಲ್ಲಿ ಸುತ್ತಿ, ಗಿರವಿ ಅಂಗಡಿಗೆಂದು ಹೊರಟು ನಿಂತರು. ಜಗಲಿಯಲ್ಲಿ ಕುಳಿತಿದ್ದ ಅಜ್ಜಿ ಅವರನ್ನು ತಡೆದರು. “ಮೂರೂ ಬೆಸವೇ, ಒಂಬತ್ತೂ ಬೆಸವೇ. ಮರಿಯಮ್ಮ ನಮ್ಮ ಎಲೆಯ ಪದಾರ್ಥ ಎಣಿಸಲು ಬರುವವಳಲ್ಲ ಮಗಾ, ಒಳಗೆ ಬಾ” ಎಂದರು. ತಂದೆಯವರು ಬಹಳ ಹೊತ್ತು ಅಂಗಳದಲ್ಲೇ ನಿಂತಿದ್ದು, ಕೊನೆಗೆ ಒಳಗೆ ಬಂದು ಆ ಪೊಟ್ಟಣವನ್ನು ತಾಯಿಯವರ ಕೈಗಿತ್ತರು.

ಆ ವರ್ಷ ನಮ್ಮ ಬಾಳೆಲೆಯಲ್ಲಿದ್ದುದು ಮೂರೇ ಪದಾರ್ಥ: ತೋಡಿನ ಬದಿಯಿಂದ ಕೊಯ್ದ ಕೆಸುವಿಗೆ ಅಂಬಟೆಕಾಯಿ ಹಾಕಿದ ಸಾರು, ಹಿತ್ತಿಲ ಹರಿವೆಯ ಪಲ್ಯ, ಕಡಲೆ ಬೆರೆಸಿದ ಸೌತೆಕಾಯಿ. ಜೊತೆಗೆ ಬೆಲ್ಲದ ಪಾಯಸ. ಅನಂತರದ ವರ್ಷಗಳಲ್ಲಿ ಏಳು, ಒಂಬತ್ತು ಪದಾರ್ಥಗಳ ಊಟವನ್ನೂ ಉಂಡಿದ್ದೇವೆ. ಆದರೆ ನೆನಪಿನಲ್ಲಿ ಉಳಿದಿರುವುದು ಆ ಮೂರು.

ಅಜ್ಜಿಯ ಮಾತಿನಲ್ಲಿ ಹಬ್ಬದ ತಿರುಳೇ ಇತ್ತೆಂಬುದು ನಮಗೆ ತಡವಾಗಿ ಅರ್ಥವಾಯಿತು. ಸಂಪ್ರದಾಯ ಕೇಳುವುದು ಬೆಸ ಸಂಖ್ಯೆಯನ್ನು, ದೊಡ್ಡ ಸಂಖ್ಯೆಯನ್ನಲ್ಲ. ಮೀನು ಮಾಂಸಗಳ ಖರ್ಚನ್ನು ಅದೇ ನಿವಾರಿಸಿದೆ. ಆಗಸ್ಟ್ 30ರಿಂದ ಆರಂಭವಾಗುವ ನೊವೆನಕ್ಕೆ ಮಕ್ಕಳು ಒಯ್ಯುವ ಹೂಗಳು ಅಂಗಡಿಯವೇ ಆಗಬೇಕೆಂದಿಲ್ಲ. ಬೇಲಿಯ ದಾಸವಾಳಕ್ಕೂ ಬಾಲೆ ಮರಿಯಮ್ಮನ ಪಾದದಲ್ಲಿ ಸ್ಥಳವುಂಟು. ಧರ್ಮಗುರುಗಳು ಆಶೀರ್ವದಿಸಿದ ತೆನೆ ಪ್ರತಿ ಮನೆಗೂ ಸಿಗುತ್ತದೆ. ಪೂಜೆಯ ಬಳಿಕ ಹಂಚುವ ಕಬ್ಬು ಸಾಹುಕಾರನ ಮಗುವಿಗೂ ಕೂಲಿಕಾರನ ಮಗುವಿಗೂ ಒಂದೇ. ಯಾವ ಮನೆಯೂ ಹೊರಗುಳಿಯದಂತೆ ನಮ್ಮ ಹಿರಿಯರು ಈ ಹಬ್ಬವನ್ನು ರೂಪಿಸಿದ್ದರೆನ್ನಬಹುದು. ಖರ್ಚು ಬಂದುದು ನಾವು ಅದಕ್ಕೆ ಸೇರಿಸಿದ ಆಡಂಬರದಿಂದ.

ಹಬ್ಬದ ಒಡತಿಯೂ ಬಡವಳೇ ಎಂಬುದನ್ನು ನಾವು ಮರೆಯಬಾರದು. ಶಿಶು ಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಲು ಹೋದಾಗ ಮರಿಯಮ್ಮ ಮತ್ತು ಜೋಸೆಫರು ಕಾಣಿಕೆಯಾಗಿತ್ತುದು ಜೋಡಿ ಹಕ್ಕಿಗಳನ್ನು ಎಂದು ಲೂಕನ ಶುಭಸಂದೇಶ ಸೂಚಿಸುತ್ತದೆ (2:24). ಕುರಿಮರಿಯನ್ನು ತರಲು ಶಕ್ತಿಯಿಲ್ಲದವರಿಗೆಂದು ಯಾಜಕಕಾಂಡ (12:8) ಇತ್ತ ರಿಯಾಯಿತಿ ಅದು. ಧರ್ಮಸಭೆಯ ಪಂಚಾಂಗದಲ್ಲಿ ಪ್ರಭು ಯೇಸು, ಸ್ನಾನಿಕ ಯೊವಾನ್ನ, ಮಾತೆ ಮರಿಯಮ್ಮ ಈ ಮೂವರ ಜನನಕ್ಕೆ ಮಾತ್ರ ಹಬ್ಬವಿದೆ. ಅಂತಹ ಗೌರವಕ್ಕೆ ಪಾತ್ರಳಾದ ತಾಯಿ ಬಡವರ ಕಾಣಿಕೆಯನ್ನು ನಾಚಿಕೆಯಿಲ್ಲದೆ ಅರ್ಪಿಸಿದಳು. ಅವಳ ಹುಟ್ಟುಹಬ್ಬಕ್ಕಾಗಿ ನಾವು ಸಾಲ ಮಾಡುವುದು ಯಾವ ಭಕ್ತಿ? ಆ ಸಾಲ ತೀರುವ ಮುನ್ನವೇ ಕ್ರಿಸ್ಮಸ್ ಬಾಗಿಲಿಗೆ ಬಂದು ನಿಲ್ಲುತ್ತದೆ.

ಗೃಹಿಣಿಯರ ಅನುಭವದ ಕೆಲವು ಮಾತುಗಳನ್ನು ಇಲ್ಲಿ ಹೇಳುವುದು ಉಚಿತ. ಎಲ್ಲರೂ ಒಂದೇ ದಿನ ಸಂತೆಗೆ ನುಗ್ಗುವುದರಿಂದ ಹಬ್ಬದ ಮುನ್ನಾದಿನ ತರಕಾರಿಯ ಬೆಲೆ ಏರುತ್ತದೆ. ಚೌತಿಯೂ ಹತ್ತಿರ ಬಂದರೆ ಕೇಳುವುದೇ ಬೇಡ. ಮಂಗಳೂರು ಸೌತೆ, ಸಿಹಿಗುಂಬಳಗಳು ವಾರಗಟ್ಟಲೆ ಕೆಡುವುದಿಲ್ಲವಾದ್ದರಿಂದ ಮೊದಲೇ ತಂದಿಡಬಹುದು. ಬೆಂಡೆ, ಅಲಸಂಡೆಗಳನ್ನು ಮಾತ್ರ ಕೊನೆಗೆ ಕೊಂಡರಾಯಿತು. ತೆಂಗಿನಕಾಯಿಯ ಬೆಲೆ 2025ರಲ್ಲಿ ಏರಿದ ಪರಿಯನ್ನು ಯಾರೂ ಮರೆತಿರಲಾರರು. ಕಾಯಿಹಾಲನ್ನು ಪಾಯಸಕ್ಕೆ ಮೀಸಲಿಟ್ಟು ಪಲ್ಯಕ್ಕೆ ಸಾಸಿವೆ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ರುಚಿಗೆ ಕುಂದಿಲ್ಲ. ಅಣ್ಣತಮ್ಮಂದಿರ ಮನೆಗಳು ಹತ್ತಿರವಿದ್ದರೆ ಒಂದೊಂದು ಮನೆಯವರು ಒಂದೊಂದು ಪದಾರ್ಥ ಮಾಡಿ ಹಿರಿಯರ ಮನೆಯಲ್ಲಿ ಕೂಡಿ ಉಣ್ಣಬಹುದು. ಐದು ಮನೆಗಳು ಸೇರಿದರೆ ಐದು ಪದಾರ್ಥ. ಖರ್ಚು ಯಾರಿಗೂ ಭಾರವಲ್ಲ, ಬಂಧುತ್ವವೂ ಗಟ್ಟಿ.

ಮುಂಬೈ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಲ್ಲಿರುವ ಮಕ್ಕಳು ಪ್ರಯಾಣದ ಖರ್ಚಿಗೆ ಹೆದರಿ ಬಾರದಿದ್ದರೆ ತಾಯಂದಿರು ಮರುಗುವುದುಂಟು. ಆಶೀರ್ವದಿಸಿದ ಭತ್ತದ ನಾಲ್ಕು ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುತ್ತಿದ್ದುದು ನಮ್ಮ ಹಿರಿಯರು ಕಂಡುಕೊಂಡ ಉಪಾಯ. ದೂರದ ಮಗ ಆ ಕಾಳನ್ನು ಸುಲಿದು ಹಾಲಿಗೆ ಬೆರೆಸಿ ಕುಡಿದರೆ ಅವನೂ ಮನೆಯ ಪಂಕ್ತಿಯಲ್ಲಿ ಕುಳಿತಂತೆಯೇ. ಮುಂದಾಗಿ ಪಡೆದ ತೆನೆ ಕೈಯಲ್ಲಿದ್ದರೆ ಈ ವರ್ಷವೂ ಅದನ್ನು ಮಾಡಬಹುದು.

ಇನ್ನೊಂದು ಮಾತು. ಉಳಿತಾಯದ ಹಬ್ಬವೆಂದರೆ ಕೈಬಿಗಿಯ ಹಬ್ಬವಲ್ಲ. ನಮ್ಮ ವಾರ್ಡಿನಲ್ಲಿ ಕೆಲಸ ಕಳೆದುಕೊಂಡವರು, ಒಂಟಿಯಾಗಿರುವ ವೃದ್ಧರು, ಈ ವರ್ಷ ಸಾವು ಕಂಡ ಮನೆಯವರು ಇದ್ದಾರೆ. ಏಳು ಪದಾರ್ಥ ಮಾಡಬಲ್ಲವರು ಐದಕ್ಕೆ ನಿಲ್ಲಿಸಿ, ಉಳಿದ ಎರಡರ ಹಣದಲ್ಲಿ ಅಂಥವರನ್ನು ತಮ್ಮ ಪಂಕ್ತಿಗೆ ಕರೆಯಲಿ. ಕರೆಯುವಾಗ ದಾನ ನೀಡುವ ದನಿ ಬೇಡ. ಹೊಸ ಅಕ್ಕಿ ಉಣ್ಣಲು ಬನ್ನಿ ಎಂದರೆ ಸಾಕು.

ಆ ದಿನ ಮರಳಿ ಪಡೆದ ಓಲೆಗಳನ್ನು ತಾಯಿಯವರು ಕೊನೆಯವರೆಗೂ ಧರಿಸಿದ್ದರು. ಪ್ರತಿ ಸೆಪ್ಟೆಂಬರಿನಲ್ಲಿ ಹೊಸ ಅಕ್ಕಿಯ ಪಾಯಸ ಬಡಿಸಲು ಅವರು ಬಾಗಿದಾಗ ಆ ಓಲೆಗಳು ತೂಗುತ್ತಿದ್ದವು. ತಂದೆಯವರು ಅವನ್ನು ನೋಡಿ ಸುಮ್ಮನೆ ನಗುತ್ತಿದ್ದರು. ನಮ್ಮ ಓದುಗ ಕುಟುಂಬಗಳ ಎಲೆಯಲ್ಲಿ ಮೂರು ಪದಾರ್ಥವಿರಲಿ, ಒಂಬತ್ತಿರಲಿ, ಸಾಲದ ಕಹಿ ಮಾತ್ರ ಇರದಿರಲಿ. ಸರ್ವರಿಗೂ ಮೊಂತಿ ಹಬ್ಬದ ಶುಭಾಶಯಗಳು.