ಹಳೇ ಕಾರಿಗೆ ಹೊಸ ಹಾಸು

ಹಳೆಯ ಅಂಬಾಸಿಡರ್ ಕೊಳ್ಳಲು ಹೋದವರು ಬಾನೆಟ್ ಎತ್ತಿಸಿ ಎಂಜಿನ್ ಸದ್ದು ಕೇಳುತ್ತಾರೆ, ಬಾಗಿಲು ಬಡಿದು ನೋಡುತ್ತಾರೆ, ಟೈರಿಗೊಂದು ಒದೆಯನ್ನೂ ಕೊಡುತ್ತಾರೆ. ಕಾಲಡಿಯ ಹಾಸು ಎತ್ತಿ ನೋಡುವವರು ಕಡಿಮೆ. ಎತ್ತಿದರೆ ಆ ಗಾಡಿ ಎಲ್ಲೆಲ್ಲಿ ತಿರುಗಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಬಳ್ಳಾರಿ–ಸಂಡೂರು ರಸ್ತೆಯಲ್ಲಿ ಸವೆದದ್ದಾದರೆ ಅಡಿಯಲ್ಲಿ ಅದಿರಿನ ಕೆಂಪು ದೂಳು, ರಾಗಿಹಿಟ್ಟಿನಷ್ಟು ನುಣ್ಣಗೆ. ಸಿರುಗುಪ್ಪ ಕಡೆಯ ಗದ್ದೆಬಯಲಿನದಾದರೆ ಎರೆಮಣ್ಣಿನ ಹೆಕ್ಕಳೆ. ಎರಡೂ ಕೇಡೇ, ಆದರೆ ಕೇಡಿನ ಬಗೆ ಬೇರೆ. ಕಬ್ಬಿಣದ ಅದಿರಿನ ಕಣ ಗಟ್ಟಿ. ಕಾಲಿನ ತುಳಿತಕ್ಕೆ ಸಿಕ್ಕು ಕಾರ್ಪೆಟ್ಟಿನ ಎಳೆಯನ್ನು ಬುಡದಲ್ಲೇ ಕೊಯ್ಯುತ್ತದೆ. ಎರೆಮಣ್ಣು ನೀರನ್ನು ಹಿಡಿದಿಟ್ಟುಕೊಂಡು ತಗಡನ್ನು ತಿನ್ನುತ್ತದೆ. ಮೊದಲನೆಯದು ಹಾಸಿನ ಶತ್ರು, ಎರಡನೆಯದು ಕಾರಿನದೇ ಶತ್ರು.

ಈ ಹಾಸನ್ನು ಕಿತ್ತು ಹೊಸದು ಕೂರಿಸುವುದು ಒಂದು ಕಸುಬು ಎಂಬುದೇ ಎಷ್ಟೋ ಜನಕ್ಕೆ ತಿಳಿಯದು. ‘ಕುಶನ್ ವರ್ಕ್ಸ್’ ಎಂಬ ಬೋರ್ಡಿನ ಅಂಗಡಿಗಳ ಹೊಟ್ಟೆ ತುಂಬಿಸುವುದು ಸೀಟು ಕವರು, ರೆಕ್ಸಿನ್, ಜೀಪಿನ ಹುಡ್, ಟ್ರ್ಯಾಕ್ಟರಿನ ಟಾಪು, ಲಾರಿ ಕ್ಯಾಬಿನ್ನಿನ ಹಾಸಿಗೆ. ಕಾರ್ಪೆಟ್ಟು ಅಪರೂಪದ ಗಿರಾಕಿ. ಆದರೂ ಬಳ್ಳಾರಿಯಂಥ ಊರಲ್ಲಿ ಈ ಕೆಲಸಕ್ಕೊಂದು ಅನುಕೂಲವಿದೆ. ಇದು ಜೀನ್ಸ್ ಹೊಲಿಯುವ ಊರು. ದಪ್ಪ ಬಟ್ಟೆಯನ್ನು ನಾಲ್ಕು ಪದರ ಮಡಚಿ ಸೂಜಿ ಮುರಿಯದೆ ದಾಟಿಸಬಲ್ಲ ಕೈಗಳು, ಅದಕ್ಕೆ ತಕ್ಕ ಮಷೀನು, ಗಟ್ಟಿ ನೂಲು, ಮಷೀನು ಕೆಟ್ಟರೆ ಸರಿಮಾಡುವವರು ಎಲ್ಲ ಇಲ್ಲೇ ಸಿಗುತ್ತಾರೆ. ಕಾರ್ಪೆಟ್ಟಿನ ಅಂಚಿಗೆ ಪಟ್ಟಿ ಹೊಲಿಯುವುದಕ್ಕೆ ಬೇಕಾದದ್ದು ಹೆಚ್ಚುಕಡಿಮೆ ಇಷ್ಟೇ. ಬೇಕಾಗುವ ಸೂಜಿ ಮಾತ್ರ ಇನ್ನೊಂದೆರಡು ನಂಬರು ದಪ್ಪ.

ಕೆಲಸದ ಮಹತ್ವ ತಿಳಿಯಬೇಕಾದರೆ ಕಾರಿನ ಮೈಕಟ್ಟು ತಿಳಿಯಬೇಕು. ಅಂಬಾಸಿಡರ್ ಹುಟ್ಟಿದ್ದು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್‌ನ ಮೂರನೇ ಸರಣಿಯ ಅಚ್ಚಿನಲ್ಲಿ. 1950ರ ದಶಕದ ಕೊನೆಯಿಂದ 2014ರವರೆಗೆ ಕೋಲ್ಕತ್ತ ಬಳಿಯ ಉತ್ತರಪಾರಾದಲ್ಲಿ ತಯಾರಾಯಿತು. ಲಾರಿಗಾಗಲಿ ಜೀಪಿಗಾಗಲಿ ಇರುವಂಥ ಪ್ರತ್ಯೇಕ ಚಾಸಿ ಇದಕ್ಕಿಲ್ಲ. ತಗಡಿನ ಮೈಯೇ ಭಾರ ಹೊರುತ್ತದೆ, ನೆಲವೂ ಆ ಮೈಯ ಭಾಗ. ನಮ್ಮವರು ಇಂದಿಗೂ ಫಿಯೆಟ್ ಎಂದೇ ಕರೆಯುವ ಪ್ರೀಮಿಯರ್ ಪದ್ಮಿನಿಯದೂ ಇದೇ ಕಟ್ಟು. ಆದ್ದರಿಂದ ನೆಲ ತೂತಾದರೆ ಬರೀ ದೂಳು ಒಳಬರುವುದಲ್ಲ, ಗಾಡಿಯ ಬಲವೇ ಕುಂದುತ್ತದೆ. ಬಲ್ಲ ಮಿಸ್ತ್ರಿಗೆ ಕಾರ್ಪೆಟ್ಟಿನ ಬಣ್ಣ ಕೊನೆಯ ಪ್ರಶ್ನೆ. ಗಿರಾಕಿಗೆ ಅದೇ ಮೊದಲನೆಯದು, ಅಲ್ಲಿಂದಲೇ ಜಗ್ಗಾಟ ಶುರು.

ಮೊದಲ ಕೆಲಸ ಬಿಚ್ಚುವುದು. ಸೀಟು, ಅದರ ಹಳಿ, ಬಾಗಿಲ ಹೊಸ್ತಿಲಿನ ಅಲ್ಯೂಮಿನಿಯಂ ಪಟ್ಟಿ. ಹಳೆಯ ಅಂಬಾಸಿಡರ್, ಫಿಯೆಟ್ಟುಗಳಲ್ಲಿ ಗೇರ್ ಸ್ಟೀರಿಂಗ್ ಕಂಬದ ಮೇಲಿರುವುದರಿಂದ ನೆಲದಲ್ಲಿ ಒಂದು ಅಡ್ಡಿ ಕಡಿಮೆ. ಆದರೆ ಕ್ಲಚ್ಚಿನ ಪಕ್ಕ ಕಾಲಲ್ಲಿ ಒತ್ತುವ ಡಿಮ್ಮರ್ ಇದ್ದರೆ ಅದರ ಸುತ್ತ ಎಚ್ಚರ ಬೇಕು. ಕಿತ್ತ ಹಾಸು ಎಷ್ಟೇ ಹರಿದಿರಲಿ, ನಾರುತ್ತಿರಲಿ, ಎಸೆಯಬಾರದು. ಅದೇ ಅಳತೆ. ಪ್ರತಿ ತುಂಡಿನ ಹಿಂದೆ ಸೀಮೆಸುಣ್ಣದಲ್ಲಿ ಎಡ, ಬಲ, ಮುಂದು, ಹಿಂದು ಎಂದು ಬರೆದಿಟ್ಟುಕೊಂಡವನು ಗೆದ್ದ. ಅದನ್ನು ತಿಪ್ಪೆಗೆಸೆದು ಟೇಪು ಹಿಡಿದು ಕೂತವನು ಎರಡು ಪಟ್ಟು ಕಾರ್ಪೆಟ್ ಹಾಳುಮಾಡುತ್ತಾನೆ.

ನೆಲ ಬೆತ್ತಲಾದ ಮೇಲೆ ನಿಜವಾದ ಕೆಲಸ. ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ಸದ್ದು ಕೇಳಬೇಕು. ಠಣ್ ಎಂದರೆ ಸರಿ, ಮಂದವಾಗಿ ಕೇಳಿದರೆ ಟಿಂಕರಿಂಗ್ ಅಂಗಡಿಗೆ ಹೋಗಬೇಕು. ಕೊಳೆತ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿ, ಪ್ರೈಮರ್ ಬಳಿದು, ಕೂಡುಗಳಿಗೆ ಸೀಲರ್ ತುಂಬಬೇಕು. ಅದಕ್ಕೂ ಮುಂಚೆ ನೀರು ಬಂದದ್ದೆಲ್ಲಿಂದ ಎಂದು ಹುಡುಕಬೇಕು. ಒಬ್ಬರು ಒಳಗೆ ಕೂತು, ಇನ್ನೊಬ್ಬರು ಹೊರಗಿನಿಂದ ಪೈಪ್ ಹಿಡಿದು ಮುಂದಿನ ಗಾಜಿನ ರಬ್ಬರಿಗೆ, ಬಾಗಿಲ ಸಂದಿಗೆ ನೀರು ಬಿಟ್ಟರೆ ಸಾಮಾನ್ಯವಾಗಿ ಕಳ್ಳ ಸಿಕ್ಕಿಬೀಳುತ್ತಾನೆ. ಬಾಗಿಲಿನ ಕೆಳ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ನಮ್ಮ ದೂಳಿನ ಸೀಮೆಯಲ್ಲಿ ಅವು ಮುಚ್ಚಿಕೊಂಡಿರುವುದೇ ಹೆಚ್ಚು. ಇದನ್ನೆಲ್ಲ ಬಿಟ್ಟು ಹೊಸ ಹಾಸು ಹಾಕಿದರೆ ಮುಂದಿನ ಮಳೆಗಾಲಕ್ಕೆ ಹೊಸ ಹಾಸಿನ ಕೆಳಗೆ ಹಳೇ ಕಥೆ.

ಕಾರ್ಪೆಟ್ಟಿನ ಕೆಳಗೊಂದು ಮೆತ್ತೆ ಬೇಕು. ಹಿಂದೆಲ್ಲ ಸೆಣಬಿನ ಫೆಲ್ಟ್ ಹಾಕುತ್ತಿದ್ದರು. ಸದ್ದನ್ನೂ ಕಾವನ್ನೂ ಅದು ಚೆನ್ನಾಗಿ ತಡೆಯುತ್ತದೆ, ನೀರನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಈಗ ನೀರು ಹೀರದ ಫೋಮ್ ಹಾಳೆಗಳು ಸಿಗುತ್ತವೆ, ನನ್ನ ಮತ ಅದಕ್ಕೇ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಲ್ಲಿ, ಎಂಜಿನ್ನಿನ ಕಾವು ಕಾಲಿಗೆ ತಟ್ಟುವ ಮುಂದಿನ ಗೋಡೆಗೆ ಇದನ್ನು ಒತ್ತಾಗಿ ಹಾಕಿಸಿದರೆ ಬರೀ ಕಾರ್ಪೆಟ್ಟಿಗಿಂತ ಹೆಚ್ಚು ಸುಖ.

ಕೂರಿಸುವಾಗ ಕಷ್ಟ ಕೊಡುವುದು ನಡುವಿನ ದಿಬ್ಬ. ಎಂಜಿನ್ ಮುಂದೆ, ಅದು ತಿರುಗಿಸುವ ಚಕ್ರ ಹಿಂದೆ. ಶಕ್ತಿ ಸಾಗಿಸುವ ಶಾಫ್ಟು ನಡುವೆ ಹಾಯುವುದಕ್ಕೆ ನೆಲವನ್ನು ಎತ್ತಿ ಸುರಂಗ ಮಾಡಿರುತ್ತಾರೆ. ಎರಡು ದಿಕ್ಕಿಗೂ ಬಾಗಿದ ಮೇಲ್ಮೈ ಮೇಲೆ ಚಪ್ಪಟೆ ಬಟ್ಟೆ ಕೂರದು. ಈಗಿನ ಕಾರುಗಳಿಗೆ ಕಾರ್ಖಾನೆಯಲ್ಲೇ ಕಾಯಿಸಿ ಅಚ್ಚೊತ್ತಿದ ಒಂದೇ ತುಂಡಿನ ಕಾರ್ಪೆಟ್ ಬರುತ್ತದೆ. ಹಳೆಯದಕ್ಕೆ ರವಿಕೆಗೆ ಡಾರ್ಟ್ ಹಿಡಿಯುವ ಹಾಗೆ ಕತ್ತರಿಸಿ ಹೊಲಿದೇ ಕೂರಿಸಬೇಕು. ದಿಬ್ಬದ ತುಂಡು ಮೊದಲು, ಪಕ್ಕದ್ದು ಆಮೇಲೆ, ಕಾಲಿಡುವ ತುಂಡು ಕಡೆಗೆ. ಎಲ್ಲ ತುಂಡಿನ ಎಳೆಯೂ ಒಂದೇ ದಿಕ್ಕಿಗೆ ಒರಗಿರಬೇಕು. ಇಲ್ಲವಾದರೆ ಒಂದೇ ರೋಲಿನ ಬಟ್ಟೆಯೂ ಬಿಸಿಲಲ್ಲಿ ಎರಡು ಬಣ್ಣವಾಗಿ ಕಾಣುತ್ತದೆ.

ಅಂಟು ಇನ್ನೊಂದು ಪರೀಕ್ಷೆ. ತಗಡಿಗೂ ಹಾಸಿಗೂ ಬಳಿದು, ಬೆರಳಿಗೆ ಅಂಟಿಯೂ ಅಂಟದಂತಾಗುವವರೆಗೆ ಕಾದು ಒಮ್ಮೆಗೇ ಒತ್ತಬೇಕು, ಆಮೇಲೆ ಸರಿಸಲಾಗದು. ಏಪ್ರಿಲ್ ಬಿಸಿಲಿನಲ್ಲಿ ಕಾಯುವ ಮಾತೇ ಇಲ್ಲ, ಬಳಿಯುತ್ತಿದ್ದಂತೆಯೇ ಒಣಗುತ್ತದೆ. ನಾಲ್ಕೂ ಬಾಗಿಲು ತೆರೆದಿರಬೇಕು, ಬೀಡಿ ದೂರವಿರಬೇಕು. ಸೀಟಿನ ಬೋಲ್ಟಿಗೆ ತೂತು ಮಾಡಲು ಡ್ರಿಲ್ ಹಿಡಿಯಬಾರದು: ಬಿಟ್ಟಿಗೆ ಒಂದು ಎಳೆ ಸುತ್ತಿಕೊಂಡರೆ ಸಾಲಿಗೆ ಸಾಲೇ ಬಿಚ್ಚಿ ಬರುತ್ತದೆ. ಕೆಳಗಿನಿಂದ ದಬ್ಬಳ ಚುಚ್ಚಿ ಜಾಗ ಗುರುತಿಸಿ, ನೈಲಾನ್ ಆದರೆ ಕಾಯಿಸಿದ ಕಂಬಿಯಿಂದ ಸುಟ್ಟು ತೂತು ಮಾಡಿದರೆ ಅಂಚು ತಾನೇ ಕಟ್ಟಿಕೊಳ್ಳುತ್ತದೆ.

ಡ್ರೈವರ್ ಕಾಲಡಿಯ ತುಂಡನ್ನು ಅಂಟಿಸದೆ ಟಿಚ್ ಬಟನ್ನಿನಿಂದ ನೆಲಕ್ಕೆ ಕಚ್ಚಿಸುವುದು ಒಳ್ಳೆಯದು. ಎತ್ತಿ ಕೊಡವಬಹುದು, ಆದರೆ ತಾನಾಗಿ ಜಾರಬಾರದು. ಹಾಸು ಜಾರಿ ಆಕ್ಸಿಲರೇಟರ್ ಸಿಕ್ಕಿಕೊಂಡರೆ ಏನಾದೀತೆಂಬುದಕ್ಕೆ ದೊಡ್ಡ ಕಂಪನಿಗಳೇ ಸಾಕ್ಷಿ: 2009ರಲ್ಲಿ ಅಮೆರಿಕದಲ್ಲಿ ಟೊಯೋಟಾ ಇದೇ ಭಯಕ್ಕೆ ಸುಮಾರು 38 ಲಕ್ಷ ವಾಹನಗಳ ವಿಷಯದಲ್ಲಿ ರೀಕಾಲ್ ಘೋಷಿಸಿತು.

ಬಟ್ಟೆ ಯಾವುದು? ಇಂಗ್ಲೆಂಡಿನ ದುಬಾರಿ ಕಾರುಗಳಿಗೆ ಉಣ್ಣೆಯ ವಿಲ್ಟನ್ ಕಾರ್ಪೆಟ್ ಇರುತ್ತಿತ್ತು. ಉಣ್ಣೆ, ಹಾಸು ಎಂದರೆ ನಮ್ಮ ಸೀಮೆಗೂ ಹೊಸದಲ್ಲ. ಒರಟು ತುಪ್ಪಟದ ‘ಬಳ್ಳಾರಿ’ ಕುರಿ ತನ್ನದೇ ಹೆಸರಿನ ತಳಿ. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದ ಆದವಾನಿ ಕಾರ್ಪೆಟ್ಟಿಗೆ ಹೆಸರಾಗಿದ್ದ ಊರು. ಹಾಗೆಂದು ಕಂಬಳಿಯನ್ನು ಕತ್ತರಿಸಿ ಕಾರಿಗೆ ಹಾಸುವ ಉಮೇದು ಬೇಡ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವ ಹೀರಿದರೂ ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಕುರಿ ಕಾಯುವವನಿಗೆ ಅದು ವರ, ತಗಡಿಗೆ ಶಾಪ. ಸಾಮಾನ್ಯ ಕಾರಿಗೆ ಗಿಡ್ಡ ಎಳೆಯ ನೈಲಾನೇ ಸಾಕು. ಮದುವೆ ಕಾರಿನ ಉತ್ಸಾಹದಲ್ಲಿ ಉದ್ದ ಎಳೆಯ ಕಡುಗೆಂಪು ಹಾಸು ಹಾಕಿಸುವವರಿದ್ದಾರೆ. ಸಂಡೂರಿಗೆ ಎರಡು ಸಲ ಹೋಗಿಬಂದರೆ ಅದರ ಗತಿ ಮುಗಿಯಿತು.

ಮೂಲ ರೂಪ ಉಳಿಸಿಕೊಳ್ಳುವುದಕ್ಕೆ ಈಗ ಕಾನೂನಿನ ಕಾರಣವೂ ಇದೆ. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ‘ವಿಎ’ ಅಕ್ಷರಗಳ ವಿಂಟೇಜ್ ನಂಬರು ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಹಾಸು ಬದಲಿಸಿದ ಮಾತ್ರಕ್ಕೆ ಯಾರೂ ನೋಂದಣಿ ನಿರಾಕರಿಸರು. ಆದರೆ ಕಾರ್ಖಾನೆಯಿಂದ ರಬ್ಬರ್ ಮ್ಯಾಟಿನೊಂದಿಗೇ ಬಂದ ಗಾಡಿಗೆ ರಬ್ಬರನ್ನೇ ಹಾಕಿಸುವುದು ಲೇಸು, ಅದಕ್ಕೆ ಕಾರ್ಪೆಟ್ ಹಾಸಿ ‘ಒರಿಜಿನಲ್’ ಎನ್ನುವುದು ಸುಳ್ಳು.

ಜೀಪಿನ ಮಾತೂ ಇಷ್ಟೇ. ಕುರುಗೋಡು, ಸಿರುಗುಪ್ಪಗಳ ಹೊಲದ ದಾರಿಗೆ ಹೇಳಿಮಾಡಿಸಿದಂತಿದ್ದ ಈ ಗಾಡಿಯ ಮೂಲ ಮಿಲಿಟರಿ ರೂಪದಲ್ಲಿ ನೆಲ ಬರೀ ತಗಡು, ನೀರು ಹರಿದುಹೋಗಲು ಬಿರಡೆ ಹಾಕಿದ ತೂತು. ತೊಳೆದು ಬಿರಡೆ ತೆಗೆದರೆ ಮುಗಿಯಿತು. ಅದಕ್ಕೆ ಕಾರ್ಪೆಟ್ ಕೇಳಿಕೊಂಡು ಬಂದವರನ್ನು ಒಳ್ಳೆಯ ಮಿಸ್ತ್ರಿ ವಾಪಸ್ ಕಳಿಸಬೇಕು, ಅಥವಾ ಎತ್ತಿ ತೊಳೆಯಬಹುದಾದ ರಬ್ಬರ್ ಹಾಳೆ ಕೊಡಬೇಕು.

ಕಾರಿನ ಕೆಲಸಕ್ಕೆ ಹದವಾದ ಕಾಲ ನವೆಂಬರಿನಿಂದ ಜನವರಿ. ಮಳೆ ನಿಂತಿರುತ್ತದೆ, ಅಂಟಿಗೆ ಕಾಯುವ ವ್ಯವಧಾನ ಇರುತ್ತದೆ, ಭತ್ತ ಮಾರಿದ ದುಡ್ಡು ಕೈಯಲ್ಲಿದ್ದರೆ ಟಿಂಕರಿಂಗಿನ ಬಿಲ್ಲಿಗೂ ಎದೆ ಹೊಡೆದುಕೊಳ್ಳುವುದಿಲ್ಲ. ಎರಡು ವಾರದ ಮಾತಾಗಿ ಬಿಟ್ಟುಬಂದರೆ ಒಳ್ಳೆಯದು. ನಾಳೆಯೇ ಬೇಕೆಂದರೆ ಹೊಸ ಹಾಸು ಹಳೇ ತುಕ್ಕಿನ ಮೇಲೆಯೇ ಕೂರುತ್ತದೆ.