ಹದಿನೆಂಟು ತುಂಬಿದ ಮೇಲಿನ ಜೀವನಾಂಶ

ದಾಂಪತ್ಯವು ಮುರಿದು ಬೇರೆ ಬೇರೆ ಮನೆಗಳಲ್ಲಿ ನೆಲೆಸಿದ ತಂದೆತಾಯಿಗಳಲ್ಲಿ ಒಬ್ಬರು ಮಗುವಿನ ಪೋಷಣೆಗಾಗಿ ಮತ್ತೊಬ್ಬರಿಗೆ ತಿಂಗಳು ತಿಂಗಳೂ ತೆರುವ ಜೀವನಾಂಶವು, ಶಾಲೆಯ ದಿನಗಳಲ್ಲಿ ಹೇಗೋ ನಡೆದುಕೊಂಡು ಬಂದು, ದ್ವಿತೀಯ ಪಿಯುಸಿ ಮುಗಿದು ಸಿಇಟಿ ರ‍್ಯಾಂಕು ಕೈಸೇರುವ ಹೊತ್ತಿಗೆ ಸರಿಯಾಗಿ ನಿಂತುಹೋಗುವುದುಂಟು. ಸೀಟು ಹಂಚಿಕೆಯಾದ ಕೆಲವೇ ದಿನಗಳಲ್ಲಿ ಶುಲ್ಕ ಕಟ್ಟಬೇಕು. ಅದರ ಬೆನ್ನಿಗೆ ಹಾಸ್ಟೆಲಿನ ಠೇವಣಿ, ಲ್ಯಾಪ್‌ಟಾಪು, ಪುಸ್ತಕ. ಆಗಲೇ ಆ ಕಡೆಯಿಂದ ಮಾತು ಬರುತ್ತದೆ: "ಹುಡುಗನಿಗೆ ಹದಿನೆಂಟು ತುಂಬಿತಲ್ಲ, ಇನ್ನು ನನ್ನದೇನಿದೆ?"

ಮಾತು ಕಠೋರವಾದುದು, ನಿರಾಧಾರವಾದುದಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು ಮಕ್ಕಳ ಜೀವನಾಂಶವನ್ನು ಪ್ರಾಪ್ತವಯಸ್ಸಿನ ಹೊಸ್ತಿಲಲ್ಲಿಯೇ ನಿಲ್ಲಿಸಿತ್ತು. ದೈಹಿಕ ಅಥವಾ ಮಾನಸಿಕ ವೈಕಲ್ಯದಿಂದ ಸ್ವಂತ ಜೀವನ ಸಾಗಿಸಲಾರದವರಿಗೆ ಮಾತ್ರ ವಿನಾಯಿತಿ. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನ ಚೌಕಟ್ಟೂ ಬಹುಮಟ್ಟಿಗೆ ಅದೇ.

ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವು (1956) ಕೊಂಚ ಉದಾರವಾಗಿದೆ. ಅದರ 20ನೆಯ ಕಲಮಿನಂತೆ ತನ್ನನ್ನು ತಾನು ಪೋಷಿಸಿಕೊಳ್ಳಲಾರದ ಅವಿವಾಹಿತ ಮಗಳು ಪ್ರಾಪ್ತಳಾದ ಮೇಲೂ ತಂದೆತಾಯಿಗಳಿಂದ ಜೀವನಾಂಶ ಕೇಳಬಹುದು. ಜೀವನಾಂಶವೆಂಬುದರಲ್ಲಿ ಅನ್ನವಸ್ತ್ರಗಳಷ್ಟೇ ಅಲ್ಲದೆ ವಿದ್ಯಾಭ್ಯಾಸವೂ ಸೇರಿದೆ. 2020ರಲ್ಲಿ ಸುಪ್ರೀಂ ಕೋರ್ಟು ಈ ಹಕ್ಕನ್ನು ಎತ್ತಿಹಿಡಿಯಿತಾದರೂ, ಅದನ್ನು 125ನೆಯ ಕಲಮಿನ ಅರ್ಜಿಯಲ್ಲಲ್ಲದೆ ಈ ಅಧಿನಿಯಮದಡಿಯಲ್ಲಿಯೇ ಸಾಧಿಸಿಕೊಳ್ಳತಕ್ಕದ್ದೆಂದು ಹೇಳಿತು. ಮಗನಿಗೆ ಈ ದಾರಿಯೂ ಇಲ್ಲ. ಹದಿನೆಂಟಕ್ಕೆ ಗಂಡುಮಗ ದುಡಿಮೆಗೆ ಇಳಿಯುತ್ತಾನೆಂಬ ಭಾವನೆ ಆ ಕಾಲಕ್ಕೆ ಸಲ್ಲುತ್ತಿದ್ದಿರಬಹುದು. ಇಂಜಿನಿಯರಿಂಗಿನ ಮೊದಲ ವರ್ಷದ ತರಗತಿಯಲ್ಲಿ ಕುಳಿತವನ ಮಟ್ಟಿಗೆ ಅದು ಸಲ್ಲದು.

ನ್ಯಾಯಾಲಯಗಳು ಇದನ್ನು ಕಾಣದೆ ಇಲ್ಲ. 2021ರಲ್ಲಿ ದೆಹಲಿ ಹೈಕೋರ್ಟು, ಮಗ ಪ್ರಾಪ್ತನಾದನೆಂಬ ಮಾತ್ರಕ್ಕೆ ತಂದೆಯ ಹೊಣೆ ತೀರದೆಂದು, ಅವನು ಪದವಿ ಮುಗಿಸುವವರೆಗೆ ಅಥವಾ ಸಂಪಾದನೆಗೆ ತೊಡಗುವವರೆಗೆ ತಾಯಿಗೆ ತಿಂಗಳಿಗೆ 15,000 ರೂಪಾಯಿ ಕೊಡಬೇಕೆಂದು ಆದೇಶಿಸಿತು. ಮಗನ ಖರ್ಚು ತಾಯಿಯ ಜೀವನಾಂಶದ ಮೂಲಕ ಹಾದುಬಂದುದನ್ನು ಗಮನಿಸಬೇಕು: ನೇರವಾದ ಬಾಗಿಲು ಮುಚ್ಚಿದ್ದಲ್ಲಿ ನ್ಯಾಯಾಧೀಶರು ಪಕ್ಕದ ಬಾಗಿಲು ತೆರೆದರು. 2025ರ ಆರಂಭದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣವಂತೂ ವಿಚಿತ್ರ. ಐರ್ಲೆಂಡಿನಲ್ಲಿ ಓದುತ್ತಿದ್ದ ಮಗಳು ತಂದೆ ಕೊಟ್ಟ 43 ಲಕ್ಷ ರೂಪಾಯಿಯನ್ನು ಸ್ವಾಭಿಮಾನದಿಂದ ಹಿಂದಿರುಗಿಸಹೊರಟಳು. ತಂದೆ ವಾಪಸು ಪಡೆಯಲೊಲ್ಲನು. ವಿದ್ಯಾಭ್ಯಾಸದ ವೆಚ್ಚವನ್ನು ತಂದೆತಾಯಿಗಳಿಂದ ಪಡೆಯುವುದು ಮಗಳ ಹಕ್ಕೆಂದು ಹೇಳಿ, ಹಣ ಅವಳಲ್ಲೇ ಇರಲೆಂದು ನ್ಯಾಯಾಲಯವು ತೀರ್ಮಾನಿಸಿತು.

ಆದರೆ ಕೋರ್ಟಿನ ಕೃಪೆಯನ್ನು ನಂಬಿ ಕೂರುವುದಕ್ಕಿಂತ, ಪರಸ್ಪರ ಸಮ್ಮತಿಯ ವಿಚ್ಛೇದನದ ಒಪ್ಪಂದಪತ್ರಕ್ಕೆ ಸಹಿ ಹಾಕುವಾಗಲೇ ಎಚ್ಚರ ವಹಿಸುವುದು ಲೇಸು. ಮಗು ಎಲ್‌ಕೆಜಿಯಲ್ಲಿರುವಾಗ ಕಾಲೇಜಿನ ಮಾತು ಯಾರಿಗೂ ಹೊಳೆಯುವುದಿಲ್ಲವಾಗಿ, "ಪ್ರಾಪ್ತವಯಸ್ಸಿನವರೆಗೆ" ಎಂದು ವಕೀಲರು ರೂಢಿಯಂತೆ ಟೈಪು ಮಾಡಿಸಿದ ಸಾಲು ಹಾಗೆಯೇ ಉಳಿದುಬಿಡುತ್ತದೆ. ಅಲ್ಲಿ "ಪದವಿ ಮುಗಿಯುವವರೆಗೆ" ಎಂದು ಬರೆಸಿ, ಶುಲ್ಕದಲ್ಲಿಯೂ ಹಾಸ್ಟೆಲಿನ ವೆಚ್ಚದಲ್ಲಿಯೂ ಯಾರ ಪಾಲೆಷ್ಟೆಂಬುದನ್ನು ನಮೂದಿಸಬೇಕು. ತಾಯಿಯೂ ಸಂಪಾದಿಸುತ್ತಿದ್ದರೆ ಇಬ್ಬರ ಆದಾಯಕ್ಕೆ ಅನುಗುಣವಾಗಿ ಹಂಚಿಕೊಳ್ಳಬಹುದೆಂದು 2020ರ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಹದಿನೆಂಟು ತುಂಬುವ ಮುನ್ನ ಬಾಕಿ ಉಳಿದ ಕಂತುಗಳು ಹುಟ್ಟುಹಬ್ಬದೊಂದಿಗೆ ಮನ್ನಾ ಆಗುವುದಿಲ್ಲ. ಆದರೆ 125ನೆಯ ಕಲಮಿನ ಆದೇಶವಾಗಿದ್ದರೆ, ವಾರಂಟಿನ ಮೂಲಕ ವಸೂಲಿಗಾಗಿ ಪ್ರತಿಯೊಂದು ಕಂತಿನ ವಾಯಿದೆಯಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿರಬೇಕು.