ಬೆರಳಿನ ಮಾತು ಬಲ್ಲ ಕೀಬೋರ್ಡ್

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಸಂಗೀತ ಕಲಿಕೆ ಎಂದರೆ ಮೊದಲು ನೆನಪಾಗುವುದು ಹಾರ್ಮೋನಿಯಂ. ಭಜನೆಗೂ ಅದೇ, ಹಿಂದುಸ್ತಾನಿ ಪಾಠಕ್ಕೂ ಅದೇ. ಈಗ ಅದರ ಪಕ್ಕದಲ್ಲಿ ಎಲೆಕ್ಟ್ರಾನಿಕ್ ಕೀಬೋರ್ಡ್ ಬಂದು ಕೂತಿದೆ. ಕರಿ-ಬಿಳಿ ಮನೆಗಳ ಸಾಲು ಎರಡರಲ್ಲೂ ಒಂದೇ. ಬೆರಳಿನ ಲೆಕ್ಕ ಮಾತ್ರ ಬೇರೆ.

ಹಾರ್ಮೋನಿಯಂನ ಮನೆಯನ್ನು ಎಷ್ಟು ಜೋರಾಗಿ ಒತ್ತಿದರೂ ನಾದ ಹೆಚ್ಚುವುದಿಲ್ಲ. ಅದು ತಿದಿ ಒತ್ತುವ ಕೈಯ ಕೆಲಸ. ಕೀಬೋರ್ಡಿಗೆ ತಿದಿ ಇಲ್ಲ. ಮೆಲ್ಲಗೋ ಗಟ್ಟಿಯಾಗಿಯೋ ಎಂಬುದನ್ನು ಪ್ರತಿ ಬೆರಳೂ ಹೇಳಬೇಕು. 1700ರ ಸುಮಾರಿಗೆ ಇಟಲಿಯ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ರೂಪಿಸಿದ ಪಿಯಾನೊದ ಗುಣವಿದು. ಕೀಬೋರ್ಡಿನಲ್ಲಿ ಇದಕ್ಕೆ 'ಟಚ್ ರೆಸ್ಪಾನ್ಸ್' ಎನ್ನುತ್ತಾರೆ.

ಇದು ಹೇಗೆ ಸಾಧ್ಯ? ಒಂದೊಂದು ಮನೆಯ ಕೆಳಗೂ ಎರಡು ಸಂಪರ್ಕಗಳಿರುತ್ತವೆ. ಬೆರಳು ಇಳಿಯುವಾಗ ಒಂದು ಮೊದಲು, ಇನ್ನೊಂದು ಅನಂತರ ಕೂಡುತ್ತದೆ. ನಡುವಿನ ಸಮಯ ಕಡಿಮೆಯಾದಷ್ಟೂ ನಾದ ಗಟ್ಟಿ. ಯಂತ್ರ ಇದಕ್ಕೆ 1ರಿಂದ 127ರವರೆಗಿನ ಒಂದು ಅಂಕ ಕೊಡುತ್ತದೆ. ಅಂದರೆ ಅದು ಅಳೆಯುವುದು ಬೆರಳಿನ ಭಾರವನ್ನಲ್ಲ, ವೇಗವನ್ನು!

ಅನೇಕ ಮಾದರಿಗಳಲ್ಲಿ 'ಫಂಕ್ಷನ್' ಗುಂಡಿ ಒತ್ತಿದರೆ ಸಾಫ್ಟ್, ಮೀಡಿಯಂ, ಹಾರ್ಡ್, ಆಫ್ ಎಂಬ ಆಯ್ಕೆಗಳು ಸಿಗುತ್ತವೆ. 'ಸಾಫ್ಟ್'ನಲ್ಲಿ ಹಗುರ ಬೆರಳಿಗೂ ಗಟ್ಟಿ ನಾದ. ಪುಟ್ಟ ಕೈಗಳಿಗೆ ಇದು ಅನುಕೂಲ. 'ಹಾರ್ಡ್'ನಲ್ಲಿ ಗಟ್ಟಿ ನಾದಕ್ಕೆ ಚುರುಕಾದ ಹೊಡೆತವೇ ಬೇಕು. 'ಆಫ್' ಮಾಡಿದರೆ ಎಲ್ಲ ಸ್ವರವೂ ಒಂದೇ ಮಟ್ಟ. ವರ್ಷಗಟ್ಟಲೆ 'ಆಫ್'ನಲ್ಲೇ ನುಡಿಸಿದ ಮಗುವಿಗೆ ಮೆಲುದನಿಯ ಅಭ್ಯಾಸವೇ ಆಗುವುದಿಲ್ಲ. ಅಗ್ಗದ ಕೆಲವು ಮಾದರಿಗಳಲ್ಲಿ ಈ ಸೌಲಭ್ಯವೇ ಇರುವುದಿಲ್ಲ. ಕೊಳ್ಳುವ ಮೊದಲೇ ವಿಚಾರಿಸಿ.

ಪಾಲಕರು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಪಿಯಾನೊ ಧ್ವನಿ ಆರಿಸಿ, 'ಮೀಡಿಯಂ'ನಲ್ಲಿಡಿ. ಆರ್ಗನ್ ಧ್ವನಿ ಬೇಡ, ಅದು ಸಾಮಾನ್ಯವಾಗಿ ಹೊಡೆತಕ್ಕೆ ಬದಲಾಗುವುದಿಲ್ಲ. ಸ-ದಿಂದ ಮೇಲಿನ ಸ-ವರೆಗೆ ಮೆಲ್ಲಗೆ ಆರಂಭಿಸಿ ಗಟ್ಟಿಯಾಗುತ್ತ ಹೋಗಲು ಮಗುವಿಗೆ ಹೇಳಿ. ಗಟ್ಟಿ ನಾದ ಬರದಿದ್ದರೆ 'ಸಾಫ್ಟ್'ಗೆ ಬದಲಿಸಿ. ಎಲ್ಲವೂ ಅಬ್ಬರವಾದರೆ 'ಹಾರ್ಡ್'ಗೆ.

ಒಂದೆರಡು ಮನೆಗಳು ಮಾತ್ರ ಅರಚಿದರೆ, ಅಥವಾ ಮೂಕವಾದರೆ? ಮಗುವನ್ನು ಗದರಬೇಡಿ. ಒಳಗಿನ ರಬ್ಬರ್ ಸಂಪರ್ಕಕ್ಕೆ ಧೂಳೋ ತೇವವೋ ತಗುಲಿರಬಹುದು. ಕರಾವಳಿಯ ಉಪ್ಪುಗಾಳಿ, ಮಳೆಗಾಲದ ಥಂಡಿ ಎರಡೂ ಇದಕ್ಕೆ ಶತ್ರುಗಳು. ಕಿಟಕಿಯಿಂದ ದೂರವಿಡಿ, ಒಣಬಟ್ಟೆಯಿಂದ ಒರೆಸಿ, ನುಡಿಸಿದ ಮೇಲೆ ಮುಚ್ಚಿಡಿ. ಅದಕ್ಕೂ ಸರಿಹೋಗದಿದ್ದರೆ ಬಲ್ಲ ರಿಪೇರಿಯವರಿಗೆ ತೋರಿಸಿ.

'ಬೆರಳಲ್ಲಿ ಬಲವಿಲ್ಲ' ಎಂದು ಮಗುವನ್ನು ದೂರುವ ಮುನ್ನ ಆ ಗುಂಡಿಯನ್ನೊಮ್ಮೆ ನೋಡುವುದು ಒಳ್ಳೆಯದು.